ಬೇಸಿಗೆಯ ಈಜು, ಶ್ರಾವಣದ ನೀರು

ಶಹಾಪುರದಿಂದ ಸುರಪುರದವರೆಗೆ ಹಬ್ಬಿರುವ, ಒಂದು ಕಾಲಕ್ಕೆ ಸುರಪುರದ ನಾಯಕ ಅರಸರ ಆಳ್ವಿಕೆಗೆ ಒಳಪಟ್ಟಿದ್ದು ಅವರ ಕೋಟೆಕೊತ್ತಲಗಳನ್ನೂ ಕೆರೆಬಾವಿಗಳನ್ನೂ ಇಂದಿಗೂ ಉಳಿಸಿಕೊಂಡಿರುವ ಈ ಸೀಮೆಯಲ್ಲಿ ಮಕ್ಕಳು ಈಜು ಕಲಿಯುವುದು ಯಾವಾಗ ಎಂದು ಕೇಳಿದರೆ, ಕೋಟೆಯ ಊರಾದ ವನದುರ್ಗದಲ್ಲಾಗಲಿ ಅದರ ನೆರೆಯ ಹಳ್ಳಿಗಳಲ್ಲಾಗಲಿ ಬರುವ ಉತ್ತರ ಒಂದೇ: ಸೂಟಿ ಬಿಟ್ಟಾಗ. ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಶಾಲೆಗಳ ಬಾಗಿಲು ಮುಚ್ಚಿ, ನೆತ್ತಿಯ ಮೇಲಿನ ಸೂರ್ಯನ ತಾಪವು 40 ಡಿಗ್ರಿಯನ್ನು ದಾಟಿ, ಹೊಲಗಳಲ್ಲಿ ತೊಗರಿಕಟ್ಟಿಗೆ ಹತ್ತಿಕಟ್ಟಿಗೆಗಳ ಹೊರತು ಬೇರೇನೂ ಉಳಿಯದೆ, ಹಿರಿಯರಿಗೂ ಅಷ್ಟಿಷ್ಟು ಬಿಡುವು ದೊರೆಯುವ ಆ ಏಳೆಂಟು ವಾರಗಳಲ್ಲಿ, ಒಂದೊಂದು ಓಣಿಯ ಹುಡುಗರು ಒಂದೊಂದು ಗುಂಪಾಗಿ ನೀರಿರುವ ಬಾವಿಯನ್ನು ಹುಡುಕಿಕೊಂಡು ಹೋಗುವರು. ಅಲ್ಲಿ ಕಲಿಯುವರು, ಪಂತ ಕಟ್ಟುವರು, ಒಬ್ಬರನ್ನೊಬ್ಬರು ಗೆಲ್ಲುವರು. ಮೇ ತಿಂಗಳು ಮುಗಿದು ಶಾಲೆಯ ಗಂಟೆ ಬಾರಿಸುತ್ತಲೇ ಆ ಗುಂಪು ಚದುರಿ, ಈಜೆಂಬುದು ಮುಂದಿನ ಬೇಸಿಗೆಯ ಮಾತಾಗಿಬಿಡುವುದು.

ಬಾವಿಯಲ್ಲಿ ನಡೆಯುವ ಈ ಪಾಠಕ್ಕೆ ಗ್ರಂಥವಿಲ್ಲದಿದ್ದರೂ ಕ್ರಮವುಂಟು. ಮೊದಲ ದಿನಗಳಲ್ಲಿ ಮಗುವಿನ ಬೆನ್ನಿಗೆ ತೇಲುವ ವಸ್ತುವೊಂದನ್ನು ಬಿಗಿಯಬೇಕು. ಹಿಂದಿನ ತಲೆಮಾರಿನವರಿಗೆ ಅದು ಒಣಗಿದ ಸೋರೆಬುರುಡೆಯಾಗಿತ್ತು, ಇಲ್ಲವೆ ಹಗ್ಗಕ್ಕೆ ಪೋಣಿಸಿದ ಬೆಂಡಾಗಿತ್ತು. ಬಳಿಕ ಲಾರಿಯ ಟ್ಯೂಬು ಬಂದಿತು. ಈಗ ಅಡುಗೆಯೆಣ್ಣೆಯ ಖಾಲಿ ಕ್ಯಾನು ಆ ಸ್ಥಾನವನ್ನು ಆಕ್ರಮಿಸಿದೆ. ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ಹಿಡಿದು ಮೆಟ್ಟಿಲ ಮೇಲೆ ನಿಂತಿರುವ ಮುತ್ಯಾನೋ ಕಾಕಾನೋ ಆ ಶಾಲೆಯ ಗುರು. “ಮುತ್ಯಾ, ಹಗ್ಗ ಬಿಡಬ್ಯಾಡ!” ಎಂದು ಕೆಳಗಿನಿಂದ ಕೂಗು, “ಬಿಡಂಗಿಲ್ಲ, ನೀ ಕಾಲ ಬಡಿ!” ಎಂದು ಮೇಲಿನಿಂದ ಉತ್ತರ. ದಿನ ಕಳೆದಂತೆ ಕ್ಯಾನುಗಳು ಎರಡರಿಂದ ಒಂದಕ್ಕೆ ಇಳಿದು, ಹಗ್ಗವು ಸಡಿಲಾಗುತ್ತ ಹೋಗಿ, ಕಡೆಗೊಂದು ಮಧ್ಯಾಹ್ನ ಮಗುವಿಗೆ ತಿಳಿಯದಂತೆಯೇ ಎರಡೂ ಇಲ್ಲವಾಗಿರುವುವು. ನಿಂತ ನೀರು, ನಾಲ್ಕು ಕಡೆಯಲ್ಲಿ ಕಲ್ಲಿನ ಗೋಡೆ, ಒಂದು ಕಡೆಗೆ ಮೆಟ್ಟಿಲು, ಕಣ್ಣಿಟ್ಟು ಕಾಯುವ ಹಿರಿಯ: ಆರಂಭಿಕನಿಗೆ ಇದಕ್ಕಿಂತ ಯೋಗ್ಯವಾದ ವ್ಯವಸ್ಥೆಯನ್ನು ಕಲ್ಪಿಸುವುದು ಕಷ್ಟ. ಹತ್ತು ಹದಿನೈದು ದಿನಗಳಲ್ಲಿ ಮಗು ಬಾವಿಯ ಈ ದಂಡೆಯಿಂದ ಆ ದಂಡೆಗೆ ಈಸುವಂತಾಗುವುದು. ಸೂಟಿ ಮುಗಿಯುವ ಹೊತ್ತಿಗೆ ಮೇಲಿನ ಮೆಟ್ಟಿಲಿನಿಂದ ಧುಮುಕಿ ತಳದ ಹಿಡಿ ಮಣ್ಣನ್ನು ತಂದು ತೋರಿಸುವುದು. ಈ ಪದ್ಧತಿಯ ಮೇಲೆ ನನಗಿರುವ ಗೌರವವು ದೊಡ್ಡದು. ನಾನು ಮುಂದೆ ಹೇಳತಕ್ಕ ಮಾತೆಲ್ಲವೂ ಅದು ನಿಂತುಹೋಗುವ ಸ್ಥಳವನ್ನು ಕುರಿತದ್ದು.

ಜೂನಿನಲ್ಲಿ ಮಿರಗದ ಮಳೆ ಬೀಳುತ್ತದೆ. ಬಿತ್ತನೆಯ ಕೆಲಸ ಕೈಗೆ ಹತ್ತಿದ ಮೇಲೆ ಹಗ್ಗ ಹಿಡಿದು ನಿಲ್ಲಲು ಯಾವ ಕಾಕಾನಿಗೂ ಪುರುಸೊತ್ತಿರದು. ಹೀಗೆ ಈಜಿನ ಋತುವು ಮುಗಿಯಿತೆಂದು ಎಲ್ಲರೂ ತಿಳಿದಿರುವಾಗ, ನಿಜವಾದ ನೀರು ಆಮೇಲೆಯೇ ಬರುವುದು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ ತಿಂಗಳಿನಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟರು. ಕೆಳಗಿನ ನಾರಾಯಣಪುರದ ಜಲಾಶಯವು, ಎಂದರೆ ಬಸವಸಾಗರವು, 1982ರಲ್ಲಿ ಪೂರ್ಣಗೊಂಡಿತು. ಅಲ್ಲಿಂದ ಹೊರಟ ಎಡದಂಡೆ ಕಾಲುವೆಯೂ ಅದರಿಂದ ಕವಲೊಡೆದ ಶಹಾಪುರ ಶಾಖಾ ಕಾಲುವೆ, ಮುಡಬಾಳ ಶಾಖಾ ಕಾಲುವೆ ಮೊದಲಾದವುಗಳೂ, ಅವುಗಳ ಹಂಚುಕಾಲುವೆಗಳೂ, ಜೋಳ ಸಜ್ಜೆಗಳ ಒಣಭೂಮಿಯಾಗಿದ್ದ ಈ ನಾಡಿನೊಳಗೆ ನರಗಳಂತೆ ಹರಡಿಕೊಂಡು, ಭತ್ತ, ಹತ್ತಿ, ಮೆಣಸಿನಕಾಯಿಗಳನ್ನು ಬೆಳೆಯಿಸಿ, ಇಲ್ಲಿಯ ಬದುಕನ್ನೇ ಮಾರ್ಪಡಿಸಿದುವು. ಆದರೆ ಬೇಸಿಗೆಯ ಸೂಟಿಯಲ್ಲಿ ಈ ಕಾಲುವೆಗಳು ಸಾಮಾನ್ಯವಾಗಿ ಒಣಗಿ ಬಿದ್ದಿರುತ್ತವೆ. ಬೀಸುವ ಬಿಸಿಗಾಳಿಗೆ ತಳದ ಧೂಳೇಳುವ ಆ ಹಾಸಿನ ಮೇಲೆ ಹುಡುಗರು ಕ್ರಿಕೆಟ್ ಆಡುವುದುಂಟು. ಪಶ್ಚಿಮ ಘಟ್ಟದಲ್ಲಿ ಮಳೆ ಸುರಿದು, ಜಲಾಶಯಗಳು ತುಂಬಿ, ಮುಂಗಾರು ಬೆಳೆಗೆಂದು ಗೇಟುಗಳನ್ನು ಎತ್ತುವುದು ಜುಲೈ ಕಡೆಯಲ್ಲಿ ಅಥವಾ ಶ್ರಾವಣದ ಆಸುಪಾಸಿನಲ್ಲಿ. ಅಲ್ಲಿಂದ ಮುಂದೆ ವಾರಾಬಂದಿಯ, ಎಂದರೆ ಸರದಿಯ, ಲೆಕ್ಕದಲ್ಲಿ ಬಿಟ್ಟು ಬಿಟ್ಟು, ಹಿಂಗಾರಿನ ಬೆಳೆ ಕೈಸೇರುವವರೆಗೆ, ನೀರು ಹರಿಯುತ್ತಲೇ ಇರುವುದು. ಎಂದರೆ ಮಕ್ಕಳು ಈಜುವ ಎರಡು ತಿಂಗಳು ಈ ನಾಡಿನಲ್ಲಿ ನೀರು ಅತ್ಯಂತ ಕಡಿಮೆಯಿರುವ ಕಾಲ. ನೀರು ಮನೆಯ ಬಾಗಿಲಿಗೆ, ಹೊಲದ ಬದುವಿಗೆ, ಶಾಲೆಗೆ ಹೋಗುವ ದಾರಿಗೆ ಬಂದು ನಿಲ್ಲುವುದು ಅವರು ಈಜದೆ ಇರುವ ಹತ್ತು ತಿಂಗಳುಗಳಲ್ಲಿಯೇ. ಈಜಿನ ಬಿಡುವಿನ ದಿನಗಳಲ್ಲಿ ಮಕ್ಕಳಿಗೆ ಏನನ್ನು ಕಲಿಸಬೇಕು ಎಂಬ ಪ್ರಶ್ನೆಯು ಬೇರೆ ಊರುಗಳಲ್ಲಿ ಪದಕಗಳ ಪ್ರಶ್ನೆಯಾಗಿರಬಹುದು. ಇಲ್ಲಿ ಅದು ಪ್ರಾಣದ ಪ್ರಶ್ನೆ.

ಕಾಲುವೆಯು ಬಾವಿಯಲ್ಲ. ಬಾವಿಯಲ್ಲಿ ಕೈಕಾಲು ಸೋತರೆ ನಾಲ್ಕು ಮಾರು ದೂರದಲ್ಲಿ ಕಲ್ಲಿನ ಸಂದು ಸಿಕ್ಕುವುದು. ದೊಡ್ಡ ಕಾಲುವೆಯ ಎರಡು ಇಳಿಜಾರುಗಳೂ ಕಾಂಕ್ರೀಟಿನ ಹಾಸು ಹೊದ್ದಿರುತ್ತವೆ. ನೀರು ಮುಟ್ಟುವ ಭಾಗದಲ್ಲಿ ಪಾಚಿ ಕಟ್ಟಿ, ಹಿಡಿಯಲು ಗರಿಕೆಯೂ ಇಲ್ಲದೆ, ಬಲಶಾಲಿಯಾದ ಗಂಡಸಿಗೂ ಮೇಲೆ ಹತ್ತುವುದು ದುಸ್ತರವಾಗುತ್ತದೆ. ಮೇಲ್ಮೈ ಶಾಂತವಾಗಿ ತೋರುವಾಗಲೂ ಒಳಗಿನ ಸೆಳೆತವು ಈಜುವವನನ್ನು ಕ್ಷಣಕ್ಷಣಕ್ಕೂ ಕೆಳಗೊಯ್ಯುತ್ತಿರುವುದು. ಮುಂದೆ ಎಲ್ಲಿಯೋ ತೂಬು, ಎಲ್ಲಿಯೋ ರಸ್ತೆಯ ಕೆಳಗೆ ನುಸುಳುವ ಕೊಳವೆ ಬಾಯ್ದೆರೆದಿರುವುದು. ಬಾವಿಯಲ್ಲಿ ಕಲಿತವನು ಎದುರುದಂಡೆಯನ್ನು ನೋಡಿಕೊಂಡು ನೇರವಾಗಿ ಈಜಲು ಯತ್ನಿಸಿ ದಣಿಯುವನು. ಹರಿವಿನೊಡನೆ ತೇಲುತ್ತ ಓರೆಯಾಗಿ ದಂಡೆಗೆ ಸರಿಯಬೇಕೆಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಇದಕ್ಕೆ ಇನ್ನೊಂದನ್ನು ಸೇರಿಸಬೇಕು. 2014ರಲ್ಲಿ ಕೃಷಿಭಾಗ್ಯ ಯೋಜನೆಯು ಬಂದಂದಿನಿಂದ ಒಣಬೇಸಾಯದ ಹೊಲಗಳಲ್ಲಿ ಕೃಷಿಹೊಂಡಗಳು ಮೂಡಿವೆ. ರೈತನಿಗೆ ಅವು ವರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆಯು ನೆನೆದಾಗ ಎಷ್ಟು ಜಾರುವುದೆಂದರೆ, ಒಳಗೆ ಬಿದ್ದ ಮಗು ಈಜು ಬಲ್ಲದಾದರೂ ಮೇಲೆ ಬರಲಾರದು. ಬೇಲಿಯನ್ನು ಹಾಕುವುದರೊಡನೆ, ಗಂಟು ಹಾಕಿದ ಹಗ್ಗವೊಂದನ್ನು ಗೂಟಕ್ಕೆ ಕಟ್ಟಿ ಪ್ರತಿಯೊಂದು ಹೊಂಡದೊಳಗೂ ಇಳಿಯಬಿಟ್ಟಿದ್ದರೆ ಸಾಕು; ಅದರ ಖರ್ಚು ಒಂದು ಚೀಲ ಗೊಬ್ಬರದ ಬೆಲೆಯನ್ನೂ ಮುಟ್ಟುವುದಿಲ್ಲ.

ಕಲಿತದ್ದನ್ನು ದೇಹವು ಮರೆಯುವುದಿಲ್ಲ ಎಂಬ ಲೋಕರೂಢಿಯ ನಂಬಿಕೆಯೊಂದಿದೆ. ಅದರಲ್ಲಿ ಸತ್ಯವಿದ್ದರೂ ಪೂರ್ಣಸತ್ಯವಿಲ್ಲ. ಕೈಕಾಲುಗಳ ಚಲನೆಯ ಕ್ರಮ, ಉಸಿರು ಹಿಡಿಯುವ ಬಿಡುವ ಹದ, ನೀರಿನ ಮೇಲೆ ಮೈಯನ್ನು ಚೆಲ್ಲುವ ಬಗೆ, ಇವು ಒಮ್ಮೆ ಚೆನ್ನಾಗಿ ಬೇರೂರಿದ ಮೇಲೆ ವರ್ಷಗಟ್ಟಲೆ ಉಳಿಯುವುವು. ಆದರೆ ಆ ಚಲನೆಯನ್ನು ಹತ್ತು ನಿಮಿಷಗಳ ಕಾಲ ಸಾಗಿಸತಕ್ಕ ಶ್ವಾಸಕೋಶದ, ಹೃದಯದ, ಭುಜದ ಸ್ನಾಯುಗಳ ಶಕ್ತಿಯು ಅಭ್ಯಾಸ ತಪ್ಪಿದ ಎರಡು ಮೂರು ವಾರಗಳಲ್ಲಿಯೇ ಇಳಿಮುಖವಾಗತೊಡಗುವುದು. ಮೇಲಾಗಿ ಒಂದೇ ಬೇಸಿಗೆಯಲ್ಲಿ, ಹದಿನೈದೋ ಇಪ್ಪತ್ತೋ ದಿನಗಳಲ್ಲಿ ಕಲಿತ ಮಗುವಿಗೆ ಕ್ರಮವೇ ಪೂರ್ತಿಯಾಗಿ ಬೇರೂರಿರುವುದಿಲ್ಲ. ಬೆಳೆಯುವ ಮಗುವಿನ ಮೈ ಒಂದು ವರ್ಷದಲ್ಲಿ ಐದಾರು ಸೆಂಟಿಮೀಟರು ಎತ್ತರವಾಗಿ, ತೂಕವೇರಿ, ತೋಳು ಕಾಲುಗಳ ಅಳತೆಯೇ ಬದಲಾಗಿರುತ್ತದೆ. ಕಳೆದ ಬೇಸಿಗೆಯ ಈಜನ್ನು ಈ ವರ್ಷದ ಮೈಗೆ ಹೊಂದಿಸಿಕೊಳ್ಳಲು ಪುನಃ ಅಭ್ಯಾಸ ಬೇಕು. ಆದರೆ ಶಕ್ತಿ ಇಳಿಯುವ ವೇಗದಲ್ಲಿ ಧೈರ್ಯ ಇಳಿಯುವುದಿಲ್ಲ. ಮೇ ತಿಂಗಳಿನಲ್ಲಿ ಎರಡಾಳು ನೀರಿಗೆ ಧುಮುಕಿ ಮೆಚ್ಚುಗೆ ಪಡೆದ ಹುಡುಗನು ಆಗಸ್ಟಿನಲ್ಲಿಯೂ ತನ್ನನ್ನು ಈಜುಗಾರನೆಂದೇ ತಿಳಿದಿರುತ್ತಾನೆ. ಗೆಳೆಯರೂ ಹಾಗೆಯೇ ತಿಳಿದಿರುತ್ತಾರೆ. ಈಜು ಬಾರದವನು ಕಾಲುವೆಯ ಹತ್ತಿರ ಸುಳಿಯಲು ಹಿಂಜರಿಯುವಲ್ಲಿ ಇವನು ಇಳಿದೇಬಿಡುವನು. ಅರ್ಧ ಕಲಿತ ಈಜು ಕಲಿಯದ ಈಜಿಗಿಂತ ಅಪಾಯಕರವಾಗುವುದು ಈ ಒಂದು ಕಾರಣದಿಂದ.

ಪಟ್ಟಣಗಳಲ್ಲಿ ಈ ಬಿಡುವು ಬೇರೊಂದು ರೂಪದಲ್ಲಿ ಕಾಣುವುದು. ಬೆಂಗಳೂರಿನ ಬಡಾವಣೆಗಳ ಕೊಳಗಳು, ಮೈಸೂರಿನ ಸರಸ್ವತಿಪುರದಲ್ಲಿರುವ ವಿಶ್ವವಿದ್ಯಾನಿಲಯದ ಈಜುಕೊಳ, ಮಂಗಳೂರಿನ ಮಂಗಳಾ ಈಜುಕೊಳ ಮುಂತಾದವು ಏಪ್ರಿಲ್ ಮೇ ತಿಂಗಳುಗಳಲ್ಲಿ ಬೇಸಿಗೆ ಶಿಬಿರದ ಮಕ್ಕಳಿಂದ ಕಾಲಿಡಲು ಎಡೆಯಿಲ್ಲದಂತೆ ತುಂಬಿ, ಬ್ಯಾಚುಗಳ ಮೇಲೆ ಬ್ಯಾಚುಗಳು ನಡೆದು, ಜೂನ್ ಬಂತೆಂದರೆ ಅವರಲ್ಲಿ ಬಹುಮಂದಿ ಕಾಣೆಯಾಗುವರು. ಶಾಲೆ, ಮನೆಪಾಠ, ಶೀತವಾದೀತೆಂಬ ತಾಯಂದಿರ ಭಯ, ಎಲ್ಲವೂ ಕಾರಣಗಳೇ. ವರ್ಷವಿಡೀ ಉಳಿಯುವವರು ಕೆಲವರು. ಅವರಿಗಾಗಿ ಬಸವನಗುಡಿ ಅಕ್ವಾಟಿಕ್ ಸೆಂಟರ್, ಡಾಲ್ಫಿನ್ ಅಕ್ವಾಟಿಕ್ಸ್ ಮೊದಲಾದ ಸಂಸ್ಥೆಗಳು ನಿತ್ಯ ಮುಂಜಾವದ ತರಬೇತಿಯನ್ನು ನಡೆಯಿಸುತ್ತಿವೆ. ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲೆಟ್, ಟೋಕಿಯೊ ಮತ್ತು ಪ್ಯಾರಿಸ್ ಎರಡನ್ನೂ ಕಂಡ ಶ್ರೀಹರಿ ನಟರಾಜ್, ಹದಿನಾಲ್ಕರ ವಯಸ್ಸಿನಲ್ಲಿಯೇ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿ ಮರುವರ್ಷ ಉತ್ತರಾಖಂಡದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಒಂಬತ್ತು ಸ್ವರ್ಣಪದಕಗಳನ್ನು ಗೆದ್ದ ಧಿನಿಧಿ ದೇಸಿಂಘು, ಇವರೆಲ್ಲರೂ ಬೆಂಗಳೂರಿನ ಇಂಥ ಪರಿಶ್ರಮದಿಂದ ಬಂದವರು. ಬೆಂಗಳೂರು ದೂರವಾಯಿತೆನ್ನುವವರು ಪುತ್ತೂರಿನ ಪರ್ಲಡ್ಕವನ್ನು ನೋಡಬೇಕು. ಶಿವರಾಮ ಕಾರಂತರು ಬಾಳಿ ಬೆಳಗಿದ ಬಾಲವನದ ಆವರಣದಲ್ಲಿರುವ ಈಜುಕೊಳವೊಂದು, ತಾಲ್ಲೂಕು ಕೇಂದ್ರವಾದ ಚಿಕ್ಕ ಊರಿನ ಮಕ್ಕಳನ್ನು ರಾಷ್ಟ್ರಮಟ್ಟದ ಸ್ಪರ್ಧೆಗಳವರೆಗೆ ಮುಟ್ಟಿಸಿದೆ. ನೀರು ಇರುವುದಕ್ಕಿಂತ, ನೀರಿನ ಬಳಿಗೆ ಮಕ್ಕಳನ್ನು ತಪ್ಪದೆ ಕರೆದೊಯ್ಯುವ ವ್ಯವಸ್ಥೆಯಿರುವುದು ಹೆಚ್ಚಿನದೆಂದು ನನಗೆ ಅನ್ನಿಸಿದ್ದು ಆ ಊರನ್ನು ನೆನೆದಾಗ.

ಬೇಸಿಗೆಯ ತಂಡ ಮತ್ತು ಬಿಡುವಿನ ತರಬೇತಿ, ಇವೆರಡರ ಸಂಬಂಧವನ್ನು ಬಹುಕಾಲದಿಂದ ಚಿಂತಿಸಿದವರು ಅಮೆರಿಕದವರು. ಅಲ್ಲಿಯ ವರ್ಜೀನಿಯಾ, ಮೇರಿಲ್ಯಾಂಡ್ ಮೊದಲಾದ ರಾಜ್ಯಗಳಲ್ಲಿ ಬಡಾವಣೆಗೊಂದು ಕೊಳ, ಕೊಳಕ್ಕೊಂದು ಮಕ್ಕಳ ತಂಡ. ಮೇ ಕೊನೆಯಿಂದ ಆರೆಂಟು ವಾರಗಳ ಕಾಲ ನೆರೆಯ ಬಡಾವಣೆಗಳೊಡನೆ ಸ್ಪರ್ಧೆ. ಅಲ್ಲಿ ನೆಲಸಿರುವ ಕನ್ನಡದ ಕುಟುಂಬಗಳ ಮಕ್ಕಳೂ ಈ ತಂಡಗಳ ಟೋಪಿ ಧರಿಸಿ ನೀರಿಗಿಳಿಯುವುದುಂಟು. ಒಲಿಂಪಿಕ್ಸ್‌ನಲ್ಲಿ ಒಂಬತ್ತು ಸ್ವರ್ಣಪದಕಗಳನ್ನು ಪಡೆದ ಕೇಟಿ ಲೆಡೆಕಿಯೂ ಆರು ವರ್ಷದವಳಾಗಿದ್ದಾಗ ಮೊದಲು ಸೇರಿದ್ದು ಮೇರಿಲ್ಯಾಂಡಿನ ಇಂಥದೊಂದು ಬಡಾವಣೆಯ ತಂಡವನ್ನೇ. ಋತುವು ಮುಗಿದ ಮೇಲೆ ಆ ಮಕ್ಕಳ ಮುಂದೆ ಎರಡು ದಾರಿಗಳಿರುತ್ತವೆ. ಒಂದು, ವರ್ಷವಿಡೀ ಸ್ಪರ್ಧೆಗೆ ಸಿದ್ಧಗೊಳಿಸುವ ಕ್ಲಬ್ಬು. ಇನ್ನೊಂದು, ಸ್ಪರ್ಧೆಯ ಹಂಬಲವಿಲ್ಲದ ಸಾಮಾನ್ಯ ಮಕ್ಕಳಿಗಾಗಿ, ವಾರಕ್ಕೆ ಎರಡು ಮೂರು ದಿನ, ದಿನಕ್ಕೊಂದು ತಾಸಿನಂತೆ, ಗಡಿಯಾರವನ್ನು ಬದಿಗಿಟ್ಟು ಈಜಿನ ವಿಧಾನವನ್ನು ಮಾತ್ರ ತಿದ್ದುವ ಲಘುವಾದ ತರಗತಿ. ಈ ಎರಡನೆಯದು ನನ್ನ ಮನಸ್ಸಿಗೆ ಹಿಡಿಸಿದ್ದು. ಚಿಕ್ಕ ಮಕ್ಕಳನ್ನು ಒಂದೇ ಕ್ರೀಡೆಗೆ ಕಟ್ಟಿಹಾಕುವುದು ಹಿತವಲ್ಲವೆಂದು ಅಲ್ಲಿಯ ಮಕ್ಕಳ ವೈದ್ಯರ ಅಕಾಡೆಮಿಯು 2016ರ ತನ್ನ ವರದಿಯಲ್ಲಿ ಸ್ಪಷ್ಟವಾಗಿ ಹೇಳಿತು: ಹದಿನೈದು ಹದಿನಾರು ವಯಸ್ಸಿನವರೆಗೆ ಹಲವು ಆಟಗಳಿರಲಿ, ಒಂದು ಕ್ರೀಡೆಯಿಂದ ವರ್ಷದಲ್ಲಿ ಒಟ್ಟು ಮೂರು ತಿಂಗಳಾದರೂ, ಒಂದೊಂದು ತಿಂಗಳಂತೆ ಬಿಡಿಸಿ, ವಿಶ್ರಾಂತಿಯಿರಲಿ. ಆದುದರಿಂದ ವಿರಾಮವೇ ಬೇಡವೆಂದು ನಾನು ವಾದಿಸುತ್ತಿಲ್ಲ. ಮೂರು ತಿಂಗಳ ವಿರಾಮವು ಆರೋಗ್ಯ. ಹತ್ತು ತಿಂಗಳ ವಿರಾಮವು ವಿಸ್ಮೃತಿ.

ಆದರೂ ವನದುರ್ಗಕ್ಕೆ ಮಾದರಿಯಾಗತಕ್ಕದ್ದು ವರ್ಜೀನಿಯಾದ ನೀಲಿ ಕೊಳವಲ್ಲ, ಬಾಂಗ್ಲಾದೇಶದ ಹಳ್ಳಿಯ ಕೆರೆ. ಅಲ್ಲಿ ಮಕ್ಕಳು ಮನೆಯ ಹಿತ್ತಲಿನ ಹೊಂಡಗಳಲ್ಲಿ ಮುಳುಗಿ ಸಾಯುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಅದನ್ನು ವಿಧಿಯೆಂದೇ ಜನರು ಭಾವಿಸಿದ್ದರು. 2006ರಿಂದ 2010ರವರೆಗೆ, ಆ ದೇಶದ ಅಪಘಾತ ನಿವಾರಣಾ ಸಂಶೋಧನ ಕೇಂದ್ರವು ಯುನಿಸೆಫ್ ಮುಂತಾದವರ ನೆರವಿನಿಂದ ಹಳ್ಳಿಯ ಕೆರೆಗಳಲ್ಲಿಯೇ ಬಿದಿರಿನ ಅಟ್ಟಣೆ ಕಟ್ಟಿಸಿ, ಸುತ್ತಲೂ ಬಿದಿರಿನ ತಡೆ ನಿಲ್ಲಿಸಿ, ಆಳವು ಮಗುವಿನ ಎದೆಯನ್ನು ಮೀರದಂತೆ ಮಾಡಿ, ಅದೇ ಊರಿನ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಅವರ ಕೈಯಿಂದ ಈಜು ಕಲಿಸಿತು. ಗುರಿಯು ಪದಕವಲ್ಲ: ಮಗು 25 ಮೀಟರು ಈಜಬೇಕು, ಅರ್ಧ ನಿಮಿಷವಾದರೂ ಇದ್ದಲ್ಲಿಯೇ ತೇಲಬೇಕು, ಮುಳುಗುತ್ತಿರುವ ಇನ್ನೊಬ್ಬನನ್ನು ತಾನು ನೀರಿಗಿಳಿಯದೆ ದಂಡೆಯಿಂದಲೇ ಎಳೆದುಕೊಳ್ಳುವುದನ್ನು ಅರಿತಿರಬೇಕು. ಹೀಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವವರ ಪ್ರಮಾಣವು ಕಲಿಯದವರಿಗಿಂತ ಶೇಕಡ 90ಕ್ಕೂ ಮೀರಿ ಕಡಿಮೆಯಾಗಿತ್ತೆಂಬುದು 2012ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿತು. ಬಾಂಗ್ಲಾದೇಶವೇ ಐರ್ಲೆಂಡಿನೊಡನೆ ಮುಂದಾಳಾಗಿ ನಿಂತುದರಿಂದ 2021ರಲ್ಲಿ ವಿಶ್ವಸಂಸ್ಥೆಯು ಜುಲೈ 25ನೆಯ ದಿನವನ್ನು ಮುಳುಗಡೆಯ ಸಾವುಗಳನ್ನು ತಡೆಯುವ ದಿನವೆಂದು ಗೊತ್ತುಪಡಿಸಿತು. ನಮ್ಮ ದೇಶದಲ್ಲಿ ವರ್ಷಕ್ಕೆ 30,000ಕ್ಕೂ ಮೇಲ್ಪಟ್ಟು ಜನರು ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಕೇಂದ್ರದ ಆರೋಗ್ಯ ಸಚಿವಾಲಯವು ಇದನ್ನು ತಡೆಯಲು 2023ರ ಡಿಸೆಂಬರಿನಲ್ಲಿ ಕಾರ್ಯನೀತಿಯೊಂದನ್ನು ಹೊರಡಿಸಿದೆ. ನೀತಿಯು ದೆಹಲಿಯಿಂದ ಹಳ್ಳಿಯ ಬಾವಿಕಟ್ಟೆಗೆ ತಲುಪಬೇಕಾದರೆ ಹಳ್ಳಿಯವರೇ ಅದನ್ನು ಅರ್ಧ ದಾರಿಯಲ್ಲಿ ಎದುರುಗೊಳ್ಳಬೇಕು.

ಎದುರುಗೊಳ್ಳಲು ಬೇಕಾದ ಸಾಮಗ್ರಿಯೆಲ್ಲ ಇಲ್ಲಿಯೇ ಇದೆಯೆಂಬುದು ನನ್ನ ದೃಢವಾದ ನಂಬಿಕೆ. ಮೊದಲನೆಯದಾಗಿ ಋತುವನ್ನೇ ನೋಡೋಣ. ಮಳೆಗಾಲ ಹಿಂದೆಗೆದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿಯವರೆಗೆ, ಈ ಸೀಮೆಯ ತೆರೆದ ಬಾವಿಗಳಲ್ಲಿ ಬೇಸಿಗೆಗಿಂತ ನೀರು ಹೆಚ್ಚು. ಕಾಲುವೆಯ ಅಚ್ಚುಕಟ್ಟಿನಲ್ಲಿಯಂತೂ ಬಸಿದ ನೀರಿನಿಂದ ಬಾವಿಗಳು ಮೇಲಿನ ಮೆಟ್ಟಿಲಿನವರೆಗೆ ತುಂಬಿರುತ್ತವೆ. ಮುಂಜಾನೆಯಲ್ಲಿ ಥಂಡಿ ಕೊರೆದರೂ ಮಧ್ಯಾಹ್ನದ ಬಿಸಿಲಿನಲ್ಲಿ ನೀರು ಹಿತವಾಗಿರುವುದು. ಶನಿವಾರ ಶಾಲೆ ಬೆಳಗಿನ ಹೊತ್ತು ಮಾತ್ರ. ರವಿವಾರ ಪೂರ್ತಿ ಬಿಡುವು. ಒಂದು ಊರಿನಲ್ಲಿ ಒಂದೇ ಬಾವಿಯನ್ನು, ಒಡೆಯನ ಒಪ್ಪಿಗೆಯಿಂದ, ಆರಿಸಿಕೊಂಡರೆ ಸಾಕು. ಕಾಲುವೆ ಕೊಳವೆಬಾವಿಗಳು ಬಂದ ಮೇಲೆ ಹೂಳು ತುಂಬಿ, ಕಸದ ಗುಂಡಿಗಳಾಗಿರುವ ಹಳೆಯ ಬಾವಿಗಳು ಎಷ್ಟೋ ಇವೆ; ಅವುಗಳಲ್ಲೊಂದನ್ನು ಉದ್ಯೋಗಖಾತ್ರಿಯ ಕೂಲಿಯಿಂದ ಹೂಳೆತ್ತಿಸಿ, ಮೆಟ್ಟಿಲು ಸರಿಪಡಿಸಿ, ನೀರಿನ ಮಟ್ಟದಲ್ಲಿ ಸುತ್ತಲೂ ಹಿಡಿಹಗ್ಗವನ್ನು ಕಟ್ಟಿಸುವುದು ಗ್ರಾಮಪಂಚಾಯಿತಿಯ ಅಳವಿನೊಳಗಿನ ಕೆಲಸ. ಪಂಪಿನ ಮೋಟಾರು ಇಳಿಬಿಟ್ಟಿರುವ ಬಾವಿಗಳಿಗೆ ಮಕ್ಕಳನ್ನು ಯಾವ ಕಾರಣಕ್ಕೂ ಇಳಿಸಬಾರದು. ಸವೆದ ತಂತಿಯೊಂದರಿಂದ ನೀರಿಗೆ ಹರಿದ ವಿದ್ಯುತ್ತು ಎಂತಹ ಈಜುಗಾರನನ್ನೂ ಉಳಿಯಗೊಡದು.

ನೀರು ಸಿಗದ ವಾರಗಳಿಗೂ ಇಲ್ಲಿ ಒಂದು ಉಪಾಯವುಂಟು. ಬೇಡ ನಾಯಕರ ಈ ನಾಡಿನಲ್ಲಿ ಗರಡಿಯ ಸಂಸ್ಕಾರವು ಆಳವಾದುದು. ಜಾತ್ರೆಯೆಂದರೆ ಕುಸ್ತಿ, ಕುಸ್ತಿಯೆಂದರೆ ಕೆಂಪು ಮಣ್ಣು. ಪರದೇಶದ ಈಜು ತರಬೇತುದಾರರು ಕೊಳದ ಹೊರಗೆ ಮಾಡಿಸುವ ವ್ಯಾಯಾಮಗಳನ್ನು ಗಮನಿಸಿದರೆ, ನಮ್ಮ ಸಾಮಿನೊಡನೆ ಅವಕ್ಕಿರುವ ಸಾಮ್ಯವನ್ನು ಕಂಡು ಆಶ್ಚರ್ಯವಾಗುವುದು. ದಂಡ ಹೊಡೆಯುವಾಗ ಎದೆಯೂ ತೋಳಿನ ಹಿಂಬದಿಯೂ ಬಲಗೊಳ್ಳುವುವು. ನೀರನ್ನು ಹಿಂದಕ್ಕೆ ತಳ್ಳುವುದು ಆ ಬಲವೇ. ಬಸ್ಕಿಯಿಂದ ಬರುವ ತೊಡೆಯ ಕಸುವು ಕಾಲು ಬಡಿಯುವುದಕ್ಕೂ ದಂಡೆಯನ್ನು ಒದ್ದು ಮುಂದೆ ಸಾಗುವುದಕ್ಕೂ ಬೇಕು. ಗದೆಯನ್ನು ಹೆಗಲ ಸುತ್ತ ತಿರುಗಿಸುವಾಗ ಭುಜದ ಕೀಲು ಪೂರ್ತಿಯಾಗಿ ಬಿಚ್ಚಿಕೊಳ್ಳುವುದು. ಈಜುವವರನ್ನು ಹೆಚ್ಚಾಗಿ ಕಾಡುವ ನೋವು ಭುಜದ್ದೇ ಆದುದರಿಂದ, ಮಕ್ಕಳಿಗೆ ತಕ್ಕ ಹಗುರವಾದ ಗದೆಯ ಈ ಅಭ್ಯಾಸವು ಅವರಿಗೆ ಲಾಭಕರ. ಗರಡಿಯ ಉಸ್ತಾದನು ಹುಡುಗರಿಗೆ ಹೇಳುವ ಮೊದಲ ಮಾತು ದಮ್ಮನ್ನು ಕುರಿತದ್ದು, ಉಸಿರನ್ನು ಯಾವಾಗ ಬಿಡಬೇಕು, ಯಾವಾಗ ತುಂಬಿಕೊಳ್ಳಬೇಕು ಎಂಬುದು; ಈಜಿನ ಮೊದಲ ಪಾಠವೂ ಅದೇ. ಒಂದೆರಡು ಎಚ್ಚರಿಕೆಗಳನ್ನು ಮಾತ್ರ ಪಾಲಿಸಬೇಕು. ಎಳೆಯ ಮಕ್ಕಳಿಗೆ ಭಾರದ ಕಸರತ್ತು ಸಲ್ಲದು. ನೀರೊಳಗೆ ಉಸಿರು ಕಟ್ಟಿ ಯಾರು ಹೆಚ್ಚು ಹೊತ್ತು ಇರುವರೆಂಬ ಪಂತವನ್ನು ಪೂರ್ತಿಯಾಗಿ ನಿಷೇಧಿಸಬೇಕು. ಏತಕ್ಕೆಂದರೆ ಜೋರಾಗಿ ಉಸಿರಾಡಿ ಮುಳುಗಿದವನಿಗೆ ಉಸಿರಿನ ತುರ್ತು ತಿಳಿಯುವ ಮೊದಲೇ ಪ್ರಜ್ಞೆ ತಪ್ಪುವುದುಂಟು, ಅದು ಸದ್ದಿಲ್ಲದ ಸಾವು.

ಬಿಡುವಿನ ತರಗತಿಯಲ್ಲಿ ಏನನ್ನು ಕಲಿಸಬೇಕು? ಬೇಸಿಗೆಯಲ್ಲಿ ಮಕ್ಕಳು ತಮ್ಮಷ್ಟಕ್ಕೆ ಕಲಿಯುವುದು ಧುಮುಕುವುದನ್ನು, ವೇಗವನ್ನು. ಅವುಗಳಿಗೆ ಗೆಳೆಯರ ಶಹಭಾಸು ಇದೆ. ಅಂಗಾತವಾಗಿ, ಕೈಕಾಲುಗಳನ್ನು ಅಲ್ಲಾಡಿಸದೆ, ಕಿವಿಯವರೆಗೆ ನೀರಿನಲ್ಲಿದ್ದು ಐದು ನಿಮಿಷ ಸುಮ್ಮನೆ ತೇಲುವುದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಕಾಲುವೆಗೆ ಬಿದ್ದ ಮಗುವನ್ನು ನೆರವು ಬರುವವರೆಗೆ ಉಳಿಸುವ ವಿದ್ಯೆ ಅದೊಂದೇ. ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆಯು ನೀರಿನಲ್ಲಿ ಸಮರ್ಥನೆನಿಸಿಕೊಳ್ಳಲು ಐದು ಕಾರ್ಯಗಳನ್ನು ಗೊತ್ತುಮಾಡಿದೆ: ತಲೆ ಮುಳುಗುವ ನೀರಿಗೆ ಹಾರುವುದು, ಮೇಲೆದ್ದು ಒಂದು ನಿಮಿಷ ತೇಲುವುದು, ಪೂರ್ತಿಯಾಗಿ ಒಂದು ಸುತ್ತು ತಿರುಗಿ ದಾರಿಯನ್ನು ಕಂಡುಕೊಳ್ಳುವುದು, 25 ಗಜ ಈಜುವುದು, ಏಣಿಯ ಸಹಾಯವಿಲ್ಲದೆ ನೀರಿನಿಂದ ಹೊರಬರುವುದು. ಕಡೆಯದನ್ನು ಓದಿದಾಗ ನನಗೆ ಪಾಚಿಗಟ್ಟಿದ ಕಾಲುವೆಯ ಇಳಿಜಾರು ಕಣ್ಣಿಗೆ ಕಟ್ಟಿತು. ಇವುಗಳೊಡನೆ ನಮ್ಮ ಕಡೆಗೆ ವಿಶೇಷವಾದ ಎರಡನ್ನು ಕೂಡಿಸಬೇಕು. ಒಂದು, ಉಟ್ಟ ಬಟ್ಟೆಯಲ್ಲಿಯೇ ಈಜುವುದು. ಯಾವ ಮಗುವೂ ಚಡ್ಡಿ ಬದಲಿಸಿಕೊಂಡು ಕಾಲುವೆಗೆ ಜಾರಿ ಬೀಳುವುದಿಲ್ಲ. ಇನ್ನೊಂದು, ಮುಳುಗುತ್ತಿರುವವನಿಗೆ ಹಗ್ಗವನ್ನೋ ಬಡಿಗೆಯನ್ನೋ ಧೋತರವನ್ನೋ ಸೀರೆಯನ್ನೋ ದಂಡೆಯಲ್ಲಿ ಮಲಗಿಕೊಂಡು ಚಾಚುವುದು. ಒಬ್ಬನನ್ನು ಉಳಿಸಲು ಅಣ್ಣನು ಹಾರಿ, ಅಣ್ಣನನ್ನು ಉಳಿಸಲು ತಂದೆಯು ಹಾರಿ, ಒಂದೇ ಮನೆಯಿಂದ ಮೂರು ಹೆಣಗಳು ಹೊರಟ ವಾರ್ತೆಯನ್ನು ನಾವು ಓದಿ ಕಣ್ಣೀರಿಟ್ಟದ್ದು ಒಮ್ಮೆಯಲ್ಲ.

ಇಲ್ಲಿಯವರೆಗೆ ನಾನು ಹುಡುಗರೆಂದು ಬರೆದಿರುವುದನ್ನು ಓದುಗರು ಗಮನಿಸಿರಬಹುದು. ಬೇಸಿಗೆಯ ಬಾವಿಯು ಹುಡುಗರದು. ಹತ್ತು ವರ್ಷ ದಾಟಿದ ಹುಡುಗಿಯು ಓಣಿಯ ಗುಂಪಿನೊಡನೆ ಬಾವಿಗೆ ಇಳಿಯುವುದನ್ನು ನಮ್ಮ ಹಳ್ಳಿಗಳು ಒಪ್ಪಿಲ್ಲ. ಆದರೆ ಕಾಲುವೆಯ ದಂಡೆಗೆ ಬಟ್ಟೆಯ ಗಂಟು ಹೊತ್ತು ಹೋಗುವವಳು ಅವಳೇ. ಕೊಡ ತುಂಬುವವಳು, ತಮ್ಮನನ್ನು ಕಂಕುಳಲ್ಲಿರಿಸಿಕೊಂಡು ನೀರಿನ ಬಳಿ ಕುಳಿತಿರುವವಳು ಅವಳೇ. ನೀರಿನೊಡನೆ ನಿತ್ಯದ ಸಂಬಂಧವಿರುವವರಿಗೆ ನೀರಿನ ವಿದ್ಯೆಯನ್ನು ನಿರಾಕರಿಸಿರುವ ಈ ಅನ್ಯಾಯವನ್ನು ಸೂಟಿಯ ಅವ್ಯವಸ್ಥಿತವಾದ ಈಜು ಎಂದಿಗೂ ಸರಿಪಡಿಸಲಾರದು. ಶಾಲೆಯೇ ಹೊಣೆ ಹೊತ್ತು, ಗೊತ್ತಾದ ವೇಳೆಯಲ್ಲಿ, ಶಿಕ್ಷಕಿಯೊಬ್ಬರ ಸಮಕ್ಷಮದಲ್ಲಿ, ಸಲವಾರ್ ಕಮೀಜನ್ನು ಧರಿಸಿಯೇ ನಡೆಯುವ ಬಿಡುವಿನ ತರಗತಿಯು ಸರಿಪಡಿಸಬಲ್ಲದು. ಬಾಂಗ್ಲಾದೇಶದ ಹಳ್ಳಿಗಳು ಸಂಪ್ರದಾಯದಲ್ಲಿ ನಮಗಿಂತ ಹಿಂದುಳಿದವಲ್ಲ, ಮುಂದುವರಿದವೂ ಅಲ್ಲ. ಅಲ್ಲಿ ಊರಿನ ಹೆಣ್ಣುಮಕ್ಕಳೇ ಕಲಿಸುವವರಾಗಿ ನಿಂತಾಗ ತಾಯಂದಿರು ತಮ್ಮ ಮಕ್ಕಳನ್ನು ಕಳುಹಿಸಿದರು. ಇಲ್ಲಿಯೂ ಮೊದಲು ಬೇಕಾಗಿರುವುದು ಪ್ರತಿ ಊರಿನಲ್ಲಿ ಈಜು ಬಲ್ಲ ಇಬ್ಬರು ಮೂವರು ಯುವತಿಯರು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ತನ್ನ ಬೇಸಿಗೆ ಶಿಬಿರಗಳಲ್ಲಿ ಇಂಥವರಿಗೆ ಶಿಕ್ಷಣ ಕೊಟ್ಟು ಪ್ರಮಾಣಪತ್ರವನ್ನಿತ್ತರೆ, ಬೇಸಿಗೆಯ ಶಿಬಿರವು ಬಿಡುವಿನ ಶಾಲೆಗೆ ಗುರುಗಳನ್ನು ಒದಗಿಸಿದಂತಾಗುವುದು.

   

ಬಿಡುವಿನ ಈ ತರಗತಿಯನ್ನು ಆರಂಭಿಸಲು ದೊಡ್ಡ ಯೋಜನೆಯೊಂದು ಮಂಜೂರಾಗುವವರೆಗೆ ಕಾಯಬೇಕಾಗಿಲ್ಲ. ಕಾಲುವೆಯ ಲೆಕ್ಕವೇ ಅದಕ್ಕೊಂದು ಅನುಕೂಲವನ್ನು ಒದಗಿಸಿಕೊಟ್ಟಿದೆ. ಪ್ರತಿವರ್ಷವೂ ನೀರಾವರಿ ಸಲಹಾ ಸಮಿತಿಯು ಸಭೆ ಸೇರಿ, ಜಲಾಶಯಗಳ ಸಂಗ್ರಹವನ್ನು ಪರಿಶೀಲಿಸಿ, ಎಡದಂಡೆ ಕಾಲುವೆಗೆ ಯಾವ ದಿನದಿಂದ ನೀರು ಬಿಡಲಾಗುವುದೆಂಬುದನ್ನು ಮುಂಚಿತವಾಗಿಯೇ ಪ್ರಕಟಿಸುವುದು. ರೈತರು ಆ ವಾರ್ತೆಗಾಗಿ ಕಾದಿದ್ದು, ಅಂದಿನಿಂದಲೇ ಸಸಿಮಡಿಯ ಸಿದ್ಧತೆಗೆ ತೊಡಗುವರು. ಗೇಟು ಎತ್ತಿದ ಮೇಲೆ ಕೊನೆಯಂಚಿನ ಹಳ್ಳಿಗಳಿಗೆ ನೀರು ಮುಟ್ಟಲು ಇನ್ನೂ ಕೆಲವು ದಿನಗಳು ಹಿಡಿಯುವುವು. ಆ ಪ್ರಕಟಣೆಯು ಪತ್ರಿಕೆಯಲ್ಲಿ ಬಂದ ದಿನವೇ ವನದುರ್ಗದ ಶಾಲೆಯ ಮುಖ್ಯೋಪಾಧ್ಯಾಯರು ಬೆಳಗಿನ ಪ್ರಾರ್ಥನೆಯ ವೇಳೆಯಲ್ಲಿ ಅದನ್ನು ಮಕ್ಕಳಿಗೆ ಓದಿ ಹೇಳಲಿ. ಆ ವಾರದ ಶನಿವಾರ ಮಧ್ಯಾಹ್ನ, ಬೇಸಿಗೆಯಲ್ಲಿ ಈಜು ಕಲಿತೆನೆನ್ನುವ ಪ್ರತಿಯೊಂದು ಮಗುವನ್ನೂ ದೈಹಿಕ ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿಯ ಇಬ್ಬರು, ಹಗ್ಗ ಹಿಡಿಯಬಲ್ಲ ಊರಿನ ಇಬ್ಬರು ಹಿರಿಯರು ಕೂಡಿ ಬಾವಿಗೆ ಕರೆದೊಯ್ದು, ಬೇಸಿಗೆಯ ಈಜು ಅವರಲ್ಲಿ ಎಷ್ಟು ಉಳಿದಿದೆಯೆಂಬುದನ್ನು ಒಬ್ಬೊಬ್ಬರಾಗಿ ಇಳಿಸಿ ನೋಡಲಿ. ಐದು ನಿಮಿಷ ತೇಲಲಾರದವರ ಹೆಸರುಗಳನ್ನು ಬರೆದುಕೊಂಡು, ಮುಂದಿನ ಶನಿವಾರದಿಂದಲೇ ಅವರ ತರಗತಿಯನ್ನು ಪ್ರಾರಂಭಿಸಲಿ.